ಬಲಿತ ಬಾಕ್ ಚಾಯ್, ಮೊರದಗಲದ ಸಾಸಿವೆ ಎಲೆ: ನೀರು ಬಿಡದೆ, ಕಹಿಯಾಗದೆ ಮಾಡುವುದು ಹೇಗೆ?

ದೊಂಬಿವಿಲಿ ಬಾಣಲೆ (ಪ್ರಶ್ನೆ)

ವಾಶಿ ಮಾರುಕಟ್ಟೆಯಿಂದ ಬಂದ ಬಾಕ್ ಚಾಯ್ (ಬಿಳಿ ದಂಟಿನ ಚೀನೀ ಸೊಪ್ಪು) ಎರಡು ಬುಡ ಇದ್ದವು. ಸೂಪಿನಲ್ಲಿ ಇಡಿಯಾಗಿ ತೇಲಿಸುವ ಅಂಗೈಯಷ್ಟರ ಮರಿ ಅಲ್ಲ. ಒಂದೊಂದೂ 600 ಗ್ರಾಂ ಹತ್ತಿರ, ಒಂದಡಿಗಿಂತ ಉದ್ದ, ಬಿಳಿ ದಂಟು ಬುಡದಲ್ಲಿ ಮೂರು ಬೆರಳು ಅಗಲ. ಈಗ ಉಳಿದಿರುವುದು ಒಂದು, ಅದರ ನಡುವಿನಿಂದ ಹಳದಿ ಮೊಗ್ಗಿನ ಕಡ್ಡಿ ಎದ್ದಿದೆ. ಜೊತೆಗೆ ಮೊರದಗಲದ ಎಲೆಯ ಸಾಸಿವೆ ಸೊಪ್ಪು ಒಂದು ಕಟ್ಟು.

ಮೊದಲ ಬುಡ ಕೆಟ್ಟಿತು. ಎಲ್ಲವನ್ನೂ ಒಂದಿಂಚಿಗೆ ಹೆಚ್ಚಿ, ತೊಳೆದು, ಎರಡು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಒಟ್ಟಿಗೇ ಬಾಣಲೆಗೆ ಸುರಿದು, ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಎಂಟು ನಿಮಿಷ. ಕೊನೆಗೆ ಸೋಯಾ ಸಾಸ್. ತೆಗೆದು ನೋಡಿದರೆ ತಳದಲ್ಲಿ ಅರ್ಧ ಲೋಟ ನೀರು, ಎಲೆ ಕಂದುಹಸಿರಾಗಿ ಲೋಳೆ ಲೋಳೆ, ದಂಟು ಹೊರಗೆ ನಾರು, ಒಳಗೆ ಹಸಿ. ಕಹಿ ಬೇರೆ.

ತಪ್ಪಿದ್ದು ಎಲ್ಲಿ? ಹೂ ಬಂದದ್ದನ್ನು ತಿನ್ನಬಹುದೇ? ಸಾಸಿವೆ ಸೊಪ್ಪಿಗೂ ಇದೇ ಕ್ರಮವೇ? ಮನೆಯಲ್ಲಿರುವುದು ಸಾಮಾನ್ಯ ಗ್ಯಾಸ್ ಒಲೆ, ಕಬ್ಬಿಣದ ಬಾಣಲೆ. ನಮ್ಮ ಹುಳಿ, ಪಲ್ಯಕ್ಕೆ ಇವು ಒಗ್ಗುವುದಾದರೆ ಅದನ್ನೂ ಹೇಳಿ.

ಕ್ರಾಫರ್ಡ್ ಗಲ್ಲಿ

ಬಲಿತ ಬಾಕ್ ಚಾಯನ್ನು ಒಂದೇ ತರಕಾರಿ ಎಂದುಕೊಂಡಲ್ಲೇ ಎಡವಟ್ಟಾಗಿದೆ. ಮರಿ ಗಿಡದಲ್ಲಿ ದಂಟು, ಎಲೆ ಎರಡೂ ಒಂದೂವರೆ ನಿಮಿಷದಲ್ಲಿ ಬೇಯುತ್ತವೆ, ಹಾಗಾಗಿ ಇಡಿಯಾಗಿ ಹಾಕಿದರೂ ನಡೆಯುತ್ತದೆ. 600 ಗ್ರಾಮಿನ ಗಿಡದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ದಂಟಿನದ್ದೇ. ದಂಟು ಬೇಯುವಷ್ಟರಲ್ಲಿ ಎಲೆ ಸತ್ತಿರುತ್ತದೆ. ಎಲೆ ಸರಿಯಾದಾಗ ಇಳಿಸಿದರೆ ದಂಟು ಹಸಿ.

ಮೊದಲು ಬುಡವನ್ನು ಎರಡು ಬೆರಳಷ್ಟು ಕತ್ತರಿಸಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ. ಇಡೀ ಗಿಡವನ್ನು ನಲ್ಲಿಯ ಕೆಳಗೆ ಹಿಡಿದರೆ ಬುಡದ ಸಂದಿನ ಮಣ್ಣು ಹೋಗುವುದಿಲ್ಲ. ಬಿಡಿಸಿದ ಎಲೆಯನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಐದು ನಿಮಿಷ ಮುಳುಗಿಸಿ, ಮೇಲಿನಿಂದ ಎತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕಿಳಿದ ಮರಳು ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ತೊಳೆಯುವ ಕೆಲಸ ಹೆಚ್ಚುವ ಮೊದಲು. ಹೆಚ್ಚಿ ತೊಳೆದರೆ ಕತ್ತರಿಸಿದ ಬಾಯಿಗಳಲ್ಲೆಲ್ಲ ನೀರು ನಿಲ್ಲುತ್ತದೆ, ನಿಮ್ಮ ಅರ್ಧ ಲೋಟದಲ್ಲಿ ಒಂದು ಪಾಲು ಅದೇ. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಫ್ಯಾನ್ ಕೆಳಗೆ ಬಿಡಿ.

ಈಗ ಎಲೆಯನ್ನು ಹಲಗೆಯ ಮೇಲೆ ಅಂಗಾತ ಇಟ್ಟು, ನಡುದಂಟಿನ ಎರಡೂ ಬದಿಗೆ ಚೂರಿ ಎಳೆದು ಹಸಿರನ್ನು ಬೇರೆ ಮಾಡಿ. ಬುಡದ ಅಗಲವಾದ ದಂಟನ್ನು ಮೊದಲು ಉದ್ದಕ್ಕೆ ಸೀಳಿ, ಆಮೇಲೆ ಓರೆಯಾಗಿ ಅರ್ಧ ಇಂಚಿನ ತುಂಡು ಮಾಡಿ. ನಾರು ಉದ್ದಕ್ಕೆ ಓಡುತ್ತದೆ, ಓರೆಯಾಗಿ ಕೊಯ್ದರೆ ನಾರೂ ಗಿಡ್ಡ, ಶಾಖ ತಾಗುವ ಮೈಯೂ ಹೆಚ್ಚು. ಎಲೆಯನ್ನು ಎರಡಿಂಚು ಅಗಲದ ಪಟ್ಟಿ ಮಾಡಿದರೆ ಸಾಕು, ಸಣ್ಣಗೆ ಹೆಚ್ಚಿದಷ್ಟೂ ಬೇಗ ಕುಸಿಯುತ್ತದೆ.

ಮನೆಯ ಒಲೆಗೆ ಒಂದು ಸಲಕ್ಕೆ 250 ಗ್ರಾಂ ಮೀರಬೇಡಿ. ಹೆಚ್ಚು ಸುರಿದರೆ ಬಾಣಲೆಯ ಕಾವು ಇಳಿದು ಹುರಿಯುವುದು ಹೋಗಿ ಬೇಯಿಸುವುದಾಗುತ್ತದೆ. ಖಾಲಿ ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ, ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ ಹಾಕಿ. ಸಣ್ಣ ಹೊಗೆ ಎದ್ದಾಗ ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಹತ್ತೇ ಸೆಕೆಂಡು. ದಂಟು ಹಾಕಿ ಎರಡು ನಿಮಿಷ, ಅಂಚು ಪಾರದರ್ಶಕವಾಗುವ ತನಕ ಬಿಡದೆ ಆಡಿಸಿ. ಆಮೇಲೆ ಎಲೆ, 40 ಸೆಕೆಂಡು. ಉಪ್ಪು, ಸೋಯಾ ಕೊನೆಗೇ. ಮೊದಲೇ ಹಾಕಿದರೆ ಉಪ್ಪು ದಂಟಿನೊಳಗಿನ ನೀರನ್ನು ಎಳೆದು ತರುತ್ತದೆ. ಒಂದು ಟೀ ಚಮಚ ಸೋಯಾ, ಚಿಟಿಕೆ ಸಕ್ಕರೆ, ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ಎರಡು ದೊಡ್ಡ ಚಮಚ ನೀರಿನಲ್ಲಿ ಕಲಸಿ ಬದಿಯಿಂದ ಸುರಿಯಿರಿ. ಬಿಟ್ಟ ಚೂರುಪಾರು ನೀರನ್ನು ಅದು ಹಿಡಿದುಕೊಳ್ಳುತ್ತದೆ.

ಮುಚ್ಚಳ ಬೇಡವೇ ಬೇಡ. ಸೊಪ್ಪು ಬೇಯುವಾಗ ಅದರದೇ ಹುಳಿಯಂಶ ಹಬೆಯ ಜೊತೆ ಹೊರಗೆ ಹೋಗಬೇಕು. ಮುಚ್ಚಿದರೆ ಅದು ತಣಿದು ಮತ್ತೆ ಸೊಪ್ಪಿಗೇ ಬಿದ್ದು ಹಸಿರನ್ನು ಕೆಡಿಸುತ್ತದೆ. ನಿಮ್ಮ ಕಂದುಬಣ್ಣಕ್ಕೆ ಅದು, ಮತ್ತು ಎಂಟು ನಿಮಿಷ, ಎರಡೂ ಕಾರಣ. ಹಸಿರು ಉಳಿಯಲಿ ಎಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ಉಳಿಯುತ್ತದೆ, ಎಲೆ ಮಾತ್ರ ಅಂಬಲಿಯಾಗುತ್ತದೆ.

ಹೂವಿನ ಕಡ್ಡಿಯನ್ನು ಎಸೆಯಬೇಡಿ. ಮೊಗ್ಗು, ಬಿರಿದ ಹೂ ಎರಡೂ ತಿನ್ನಲು ಬರುತ್ತವೆ. ಕಡ್ಡಿಯನ್ನು ಮುರಿದು ನೋಡಿ. ಟಕ್ಕನೆ ಮುರಿದರೆ ಹಾಗೇ ಹೆಚ್ಚಿ. ಮುರಿದಾಗ ಸಿಪ್ಪೆ ದಾರದ ಹಾಗೆ ನೇತಾಡಿದರೆ ಬುಡದಿಂದ ಮೇಲಕ್ಕೆ ನಾರು ಎಳೆದು ತೆಗೆದು ಒಳಗಿನ ತಿಳಿಹಸಿರು ತಿರುಳನ್ನಷ್ಟೇ ಬಳಸಿ. ಬಗ್ಗುತ್ತದೆ, ಮುರಿಯುವುದೇ ಇಲ್ಲ ಎಂದಾದರೆ ಅದು ಸೌದೆ. ಹೂ ಬಿಟ್ಟ ಗಿಡದ ಹೊರಗಿನ ಹಳೇ ಎಲೆಗಳಲ್ಲಿ ಕಹಿ ಜಾಸ್ತಿ. ಅವನ್ನು ಮೊದಲು ಕುದಿನೀರಿಗೆ ಹಾಕಿ ತೆಗೆಯಿರಿ. ಎರಡು ಲೀಟರ್ ನೀರು, ಒಂದು ದೊಡ್ಡ ಚಮಚ ಉಪ್ಪು, ಒಂದು ಟೀ ಚಮಚ ಎಣ್ಣೆ. ದಂಟಿಗೆ ಒಂದೂವರೆ ನಿಮಿಷ, ಎಲೆಗೆ 20 ಸೆಕೆಂಡು. ಬಸಿದದ್ದನ್ನು ರಾಶಿ ಹಾಕಬೇಡಿ, ಒಳಗಿನ ಬಿಸಿಗೇ ಬೆಂದುಹೋಗುತ್ತದೆ. ದೊಡ್ಡ ತಟ್ಟೆಯಲ್ಲಿ ಹರಡಿ. ಮುಂಬೈ ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ, ಅದರಲ್ಲಿ ಅದ್ದಿದರೆ ತಣಿಯುವುದಕ್ಕಿಂತ ನೀರು ಕುಡಿಯುವುದೇ ಹೆಚ್ಚು.

ಹರಿವೆದಂಟು, ಮಾಟುಂಗಾ

ಮೇಲಿನವರು ಹೇಳಿದ ದಂಟು ಬೇರೆ, ಎಲೆ ಬೇರೆ ಎಂಬ ಲೆಕ್ಕ ನಮ್ಮಲ್ಲಿ ಹೊಸತಲ್ಲವಲ್ಲ. ಹರಿವೆ ತಂದರೆ ದಂಟು ಹುಳಿಗೆ, ಎಲೆ ಪಲ್ಯಕ್ಕೆ. ಬಾಕ್ ಚಾಯನ್ನೂ ಹಾಗೇ ನೋಡಿದರೆ ಸೋಯಾ ಬಾಟಲಿ ಮುಟ್ಟುವ ಅಗತ್ಯವೇ ಇಲ್ಲ.

ಒಂದು ಗಿಡದ ದಂಟು ಹುಳಿಗೆ ಅಳತೆ ಸರಿಯಾಗುತ್ತದೆ. ಅರ್ಧ ಲೋಟ ತೊಗರಿಬೇಳೆ ಬೇಯಿಸಿಕೊಳ್ಳಿ. ಆರು ಬ್ಯಾಡಗಿ ಮೆಣಸು, ಎರಡು ಟೀ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತೆ ಹುರಿದು, ಒಂದು ಲೋಟ ತೆಂಗಿನತುರಿ, ಸಣ್ಣ ನಿಂಬೆಗಾತ್ರದ ಹುಣಸೆ ಸೇರಿಸಿ ರುಬ್ಬಿ. ರುಬ್ಬುವಾಗ ನೀರು ಕಡಿಮೆ ಇರಲಿ. ಹರಿವೆ ದಂಟು ಹುಳಿಯನ್ನು ಕುಡಿಯುತ್ತದೆ, ಬಾಕ್ ಚಾಯ್ ದಂಟು ಸೌತೆಯ ಹಾಗೆ ನೀರು ಬಿಡುತ್ತದೆ. ಎಂದಿನ ಹದಕ್ಕೆ ಮಾಡಿದರೆ ಬಡಿಸುವ ಹೊತ್ತಿಗೆ ಸಾರಾಗಿರುತ್ತದೆ. ಬೇಳೆ, ಮಸಾಲೆ, ಉಪ್ಪು, ಬೆಲ್ಲ ಕುದಿ ಬಂದ ಮೇಲೆ ಎರಡಿಂಚಿನ ದಂಟು ಹಾಕಿ ಐದಾರು ನಿಮಿಷ. ಹರಿವೆಗೆ ಕೊಡುವ ಕಾಲು ಗಂಟೆ ಇದಕ್ಕೆ ಕೊಟ್ಟರೆ ಎಲೆಕೋಸು ಅತಿಯಾಗಿ ಬೆಂದಾಗ ಬರುವ ಗಂಧಕದ ವಾಸನೆಯೇ ಬರುತ್ತದೆ. ಎರಡೂ ಒಂದೇ ಕುಲ.

ಎಲೆಗೆ ಬೇರೇನೂ ಬೇಡ. ಎಣ್ಣೆಯಲ್ಲಿ ಸಾಸಿವೆ, ಒಂದು ಚಮಚ ಉದ್ದಿನಬೇಳೆ, ಮುರಿದ ಒಣಮೆಣಸು ಎರಡು, ಕರಿಬೇವಿನೆಲೆ. ಒಣಗಿಸಿದ ಎಲೆ ಹಾಕಿ ದೊಡ್ಡ ಉರಿಯಲ್ಲಿ ಎರಡು ನಿಮಿಷ. ಉಪ್ಪು, ಮೂರು ದೊಡ್ಡ ಚಮಚ ಕಾಯಿತುರಿ, ಇಳಿಸಿ. ಕಾಯಿತುರಿಯೂ ಉಳಿದ ತೇವ ಹೀರುತ್ತದೆ. ತುಂಬಿದ ಬಾಣಲೆ ಕುಸಿದು ಎರಡು ಹಿಡಿ ಆಗುತ್ತದೆ, ಇಬ್ಬರಿಗೆ ಸಾಕು, ಮೂರನೆಯವರು ಬಂದರೆ ಕಷ್ಟ.

ಬಸ್ಸಾರಿಗೂ ಬಾಕ್ ಚಾಯ್ ಚೆನ್ನ. ಒಂದು ಲೋಟ ತೊಗರಿಬೇಳೆಯನ್ನು ನಾಲ್ಕು ಲೋಟ ನೀರಿನಲ್ಲಿ ಕಾಳು ಒಡೆಯದಂತೆ ಬೇಯಿಸಿ, ಕೊನೆಯ ನಾಲ್ಕು ನಿಮಿಷಕ್ಕೆ ಅರ್ಧ ಕಿಲೋ ಸೊಪ್ಪು ಹಾಕಿ ಬಸಿಯಿರಿ. ಪಾಲಕ್, ಹರಿವೆಗಳಲ್ಲಿ ಆಕ್ಸಲೇಟ್ ಹೆಚ್ಚು, ಬೇಯಿಸಿದ ನೀರಿಗೆ ಅದರಲ್ಲೊಂದು ಪಾಲು ಇಳಿಯುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವ ಮನೆಯಲ್ಲಿ ಆ ಕಟ್ಟು, ಅಂದರೆ ಬಸಿದ ನೀರು, ಬಳಸಲು ಹಿಂಜರಿಯುತ್ತಾರೆ. ಬಾಕ್ ಚಾಯಿನಲ್ಲಿ ಆಕ್ಸಲೇಟ್ ತೀರಾ ಕಡಿಮೆ. ಸಾಸಿವೆ ಸೊಪ್ಪಿನ ಕಟ್ಟಿನಿಂದ ಮಾತ್ರ ಸಾರು ಮಾಡಬೇಡಿ, ಕಹಿಯೆಲ್ಲ ಬಂದು ಕೂತಿರುವುದು ಆ ನೀರಿನಲ್ಲೇ.

ಮಡಗಾಂವ್ ಬಸಳೆ

ಹರಿವೆದಂಟು ಅಕ್ಕ, ಹುಣಸೆ ಸೇರಿಸಿ ರುಬ್ಬಿದ ಮಸಾಲೆಯಲ್ಲಿ ಹಸಿ ದಂಟು ಹಾಕುವುದು ಬಾಕ್ ಚಾಯ್‌ಗೆ ನಡೆದೀತು, ಕುರುಕು ಉಳಿದರೂ ರುಚಿಯೇ. ಅದನ್ನೇ ನೋಡಿ ಯಾರಾದರೂ ಬಲಿತ ಹರಿವೆ, ಬಸಳೆಗೂ ಮಾಡಿದರೆ ದಂಟು ಬೇಯುವುದೇ ಇಲ್ಲ. ಹುಳಿ ಇದ್ದ ನೀರಿನಲ್ಲಿ ದಂಟಿನ ಗೋಡೆ ಮೆತ್ತಗಾಗುವುದು ಬಹಳ ನಿಧಾನ. ಅವೆರಡನ್ನೂ ಬರೀ ನೀರು, ಉಪ್ಪಿನಲ್ಲಿ ಪೂರ್ತಿ ಬೇಯಿಸಿ, ಉಗುರು ಒತ್ತಿದರೆ ಇಳಿಯುವಂತಾದ ಮೇಲೆ ಹುಣಸೆಯೋ ಸೋಲೋ (ಒಣಪುನರ್ಪುಳಿ) ಹಾಕಬೇಕು.

ಇದಕ್ಕೆ ತದ್ವಿರುದ್ಧ ಕೆಸು. ದೊಡ್ಡೆಲೆ ಎಂದಕೂಡಲೇ ಎಲ್ಲವನ್ನೂ ದೊಡ್ಡ ಉರಿಯಲ್ಲಿ ಎರಡು ನಿಮಿಷ ಎಂದು ಓದಿಕೊಂಡು ಕೆಸುವಿನ ಎಲೆಯನ್ನು ಹುರಿಯಲು ಹೊರಟರೆ ಗಂಟಲು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಸುವಿನಲ್ಲಿರುವುದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಅದು ನೀರಿನಲ್ಲಿ ಕರಗುವುದಿಲ್ಲ, ತೊಳೆದರೆ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ಹುಳಿ ಮತ್ತು ದೀರ್ಘ ಹೊತ್ತಿನ ಬೇಯುವಿಕೆ, ಹುಳಿ ಮೊದಲಿನಿಂದಲೇ. ಪತ್ರೊಡೆಯ ಹಿಟ್ಟಿಗೆ ಹುಣಸೆ ರುಬ್ಬುವುದು ರುಚಿಗೆ ಮಾತ್ರವಲ್ಲ. ಮರಾಠಿಯವರ ಅಳುವಿನ (ಕೆಸುವಿಗೆ ಅವರ ಹೆಸರು) ಪಾತಳ ಭಾಜಿಯಲ್ಲಿ ಹುಳಿ ಚುಕಾ ಸೊಪ್ಪು ಜೊತೆಗಿರುವುದೂ ಅದೇ ಉಪಾಯ.

ಮುಂಬೈ, ಪುಣೆ ಮಾರುಕಟ್ಟೆಯಲ್ಲಿ ಅಳು ಎರಡು ಬಗೆ ಬರುತ್ತದೆ. ಕಪ್ಪು-ನೇರಳೆ ತೊಟ್ಟಿನ ದಪ್ಪ ಎಲೆ ವಡಿಗೆ, ಅಂದರೆ ನಮ್ಮ ಪತ್ರೊಡೆಗೆ. ತಿಳಿಹಸಿರು ತೊಟ್ಟಿನದು ಭಾಜಿಗೆ. ‘ವಡಿಚಾ ಅಳು’ ಎಂದೇ ಕೇಳಿ ತೆಗೆದುಕೊಳ್ಳಿ. ಭಾಜಿ ಅಳುವಿನಲ್ಲಿ ಸುತ್ತಿದರೆ ಎಲೆ ಹರಿಯುತ್ತದೆ.

ಬಲಿತ ವಡಿ ಎಲೆ 12 ಇದ್ದರೆ ಎರಡು ಲೋಟ ದೋಸೆ ಅಕ್ಕಿ ನಾಲ್ಕು ಗಂಟೆ ನೆನೆಸಿ, ಎಂಟು ಹತ್ತು ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ದೊಡ್ಡ ನಿಂಬೆಗಾತ್ರದ ಹುಣಸೆ, ಬೆಲ್ಲ, ಅರ್ಧ ಲೋಟ ಕಾಯಿ ಹಾಕಿ ಸಣ್ಣ ರವೆಯ ತರಿಗೆ ಗಟ್ಟಿಯಾಗಿ ರುಬ್ಬಿ. ಎಲೆಯ ಬೆನ್ನು ಮೇಲೆ ಬರುವಂತೆ ಇಟ್ಟು, ದಪ್ಪ ನರವನ್ನು ಚೂರಿ ಮಲಗಿಸಿ ಎಲೆಯ ಮಟ್ಟಕ್ಕೆ ಹೆರೆಯಿರಿ. ಬಿಟ್ಟರೆ ಸುತ್ತುವಾಗ ಅಲ್ಲೇ ಸೀಳುತ್ತದೆ, ಬೇಯುವುದೂ ಅಲ್ಲೇ ಕಡಿಮೆ, ಗಂಟಲು ಕೆರೆಯುವುದೂ ಅಲ್ಲಿಂದಲೇ. ಹಿಟ್ಟು ತೆಳ್ಳಗೆ ಸವರಿ, ಒಂದರ ಮೇಲೊಂದು ತುದಿ ತಿರುಗಿಸಿ ಐದಾರು ಎಲೆ, ಬದಿ ಮಡಚಿ ಬಿಗಿಯಾಗಿ ಸುತ್ತಿ. ಹಬೆ ಚೆನ್ನಾಗಿ ಎದ್ದ ಮೇಲೆ ಇಟ್ಟು 45 ನಿಮಿಷ. ಬಲಿತ ಎಲೆಗೆ ಅರ್ಧ ಗಂಟೆ ಸಾಲದು. ಪೂರ್ತಿ ತಣಿದ ಮೇಲೆ ಕೊಯ್ದು ಕಾವಲಿಯಲ್ಲಿ ಹುರಿಯಿರಿ. ಕೈ ತುರಿಸುವವರು ಹೆರೆಯುವ ಮೊದಲು ಎಣ್ಣೆ ಹಚ್ಚಿಕೊಳ್ಳಿ. ನೀರಿನ ಕೈಯಲ್ಲಿ ಮುಟ್ಟಿದರೆ ತುರಿಕೆ ಹೆಚ್ಚು.

ಭರಣಿ, ಪುಣೆ

ಸಾಸಿವಿ ತಪ್ಪಲಿನ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ರಿ. ಚೀನಾದವರ ದೊಡ್ಡೆಲಿ ಸಾಸಿವಿ, ಪಂಜಾಬಿನ ಸರ್ಸೋಂ ಸಾಗಿಗೆ ಹಾಕೋ ರಾಯಿ, ಅಸ್ಸಾಮಿನ ಲಾಯಿ ಎಲ್ಲಾ ಒಂದೇ ಜಾತಿಯ ಗಿಡದ ಬೇರೆ ಬೇರೆ ತಳಿ. ಹಂಗಾಗಿ ಒಬ್ಬರ ಉಪಾಯ ಇನ್ನೊಬ್ಬರಿಗೆ ನಡೀತದ.

ಇದರಾಗ ಖಾರ ಬೇರೆ, ಕಹಿ ಬೇರೆ. ಮೂಗಿಗೆ ಏರೋ ಖಾರ ಎಲಿಯೊಳಗ ಮೊದಲೇ ಇರೂದಿಲ್ಲ. ಹೆಚ್ಚಿದಾಗ, ಜಗಿದಾಗ ಎಲಿಯ ಒಳಗಿನ ಎರಡು ವಸ್ತು ಕೂಡಿ ಆಗ ಹುಟ್ಟತದ. ಆ ಎರಡರಾಗ ಒಂದು ಕಿಣ್ವ, ಅದು ಕುದಿನೀರಿಗೆ ಸಾಯ್ತದ. ಅದಕ್ಕ ಖಾರ ಬ್ಯಾಡ ಅನ್ನೋರು ಎಲಿ ಇಡೀದು ಇದ್ದಾಗಲೇ ಕುದಿನೀರಾಗ ಒಂದು ನಿಮಿಷ ಅದ್ದಿ ಆಮ್ಯಾಲೆ ಹೆಚ್ಚಬೇಕು. ಖಾರ ಬೇಕು ಅನ್ನೋರು ಸಣ್ಣಗ ಹೆಚ್ಚಿ ಹತ್ತು ನಿಮಿಷ ಬಿಟ್ಟು ಒಲಿಗೆ ಇಡ್ರಿ. ಕಹಿ ಹೋಗೂದು ನೀರಿಗೆ ಮಾತ್ರ: ಅರ್ಧ ಕಿಲೋ ತಪ್ಪಲಿಗೆ ಮೂರು ಲೀಟರ್ ನೀರು, ಎರಡು ನಿಮಿಷ, ನೀರು ಚೆಲ್ಲಿ, ಹಿಂಡಿ. ಸ್ವಲ್ಪ ನೀರಾಗ ಹಾಕಿದರ ಕಹಿ ಹೋಗಲಿಕ್ಕೆ ಜಾಗ ಇಲ್ಲ. ಬ್ಯಾಸಗ್ಯಾಗ ಬಂದದ್ದು ಎರಡು ಸಲ ಬೇಕಾದೀತು. ನವೆಂಬರಿನಿಂದ ಫೆಬ್ರುವರಿ ತನಕ ಬರೋದು ಒಂದರಾಗ ಮುಗೀತದ.

ಹಿಂಡಿದ ತಪ್ಪಲಕ್ಕ ಕಡ್ಲಿಹಿಟ್ಟು ಹಾಕಿ ಜುಣಕದಂಗ ಮಾಡಿದರೂ ಆತು, ಪುಂಡಿ ಪಲ್ಯದ ಹಂಗ ಜ್ವಾಳದ ನುಚ್ಚು ಹಾಕಿ ಕಡದರೂ ಆತು. ಪುಂಡಿ ಹುಳಿ, ಇದು ಖಾರ-ಕಹಿ, ಆದ್ದರಿಂದ ಇಳಿಸೋ ಹೊತ್ತಿಗೆ ಅರ್ಧ ನಿಂಬಿಹಣ್ಣು ಹಿಂಡ್ರಿ. ರೊಟ್ಟಿಗೆ ಭಾಳ ಛಲೋ.

ಆದರ ಮೊರದಗಲ ಬಲಿತ ಎಲಿಗೆ ಹೇಳಿ ಮಾಡಿಸಿದ ಕೆಲಸ ಅಂದ್ರ ಉಪ್ಪಿನಾಗ ಹುಳಿ ಬರಿಸೋದು. ಎಳೀ ಎಲಿ ಇದರಾಗ ಕರಗಿ ಹೋಗತದ, ಬಲಿತದ್ದು ಕುರುಕು ಹಿಡದು ನಿಲ್ಲತದ. ಒಂದು ಕಿಲೋ ತಪ್ಪಲ ತೊಳದು, ನೀರು ಆರಿಸಿ, ನೆರಳಾಗ ಅರ್ಧ ದಿನ ಹರವ್ರಿ. ಬಾಡಿ ಬಟ್ಟಿ ಹಂಗ ಮಡಚಬೇಕು, ಮುರೀಬಾರದು. ಬಾಡಿದ್ದನ್ನ ತೂಗಿ, ನೂರು ಗ್ರಾಮಿಗೆ ಎರಡೂವರೆ ಗ್ರಾಂ ಲೆಕ್ಕದಾಗ ಹರಳುಪ್ಪು. ಚಮಚದ ಅಂದಾಜು ಬ್ಯಾಡ, ತಕ್ಕಡಿ ತಗೋರಿ. ಉಪ್ಪು ಕಡಿಮಿ ಬಿದ್ದರ ಮೆತ್ತಗ ಕೊಳೀತದ, ಅತಿ ಆದರ ಹುಳಿ ಬರೂದು ಭಾಳ ತಡ. ದಂಟಿನ ಕಡೆ ಹೆಚ್ಚು ತಿಕ್ಕಿ, ಭರಣ್ಯಾಗ ಗಾಳಿ ಉಳೀದಂಗ ಒತ್ತಿ, ಮ್ಯಾಲೆ ತೊಳೆದ ಕಲ್ಲು ಇಡ್ರಿ. ಮರುದಿನ ತನ್ನ ನೀರಾಗ ತಾನೇ ಮುಳಗಿರಬೇಕು. ಮುಳಗದಿದ್ದರ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ ಬೇಕಾದಷ್ಟು ಹಾಕ್ರಿ.

ಮುಂಬೈ ಸೆಕೆಗೆ ಮೂರು ನಾಲ್ಕು ದಿನ, ಪುಣೆಯ ಥಂಡ್ಯಾಗ ವಾರ ಹಿಡೀತದ. ಹಸಿರು ಹೋಗಿ ಆಲಿವ್ ಬಣ್ಣ ಬಂದು ನೀರು ಹುಳಿ ಆದರ ಆತು, ಫ್ರಿಜ್ಜಿಗೆ ಹಾಕ್ರಿ. ಮ್ಯಾಲೆ ತೆಳ್ಳನ ಬಿಳಿ ಪದರ ಬಂದರ ತೆಗದು ಎಸೀರಿ, ಕೆಳಗಿಂದು ಕೆಡೂದಿಲ್ಲ. ಕಪ್ಪು, ಗುಲಾಬಿ ಬೂಸ್ಟು ಕಂಡರ ಪೂರ್ತಿ ಭರಣಿ ಚೆಲ್ಲಬೇಕು. ಬೂಸ್ಟು ಬರೂದು ಎಲಿ ತುದಿ ನೀರಿನ ಮ್ಯಾಲೆ ಎದ್ದಾಗ, ಅದಕ್ಕ ಕಲ್ಲು ಮರೀಬ್ಯಾಡ್ರಿ. ಹಿಂಡಿ, ಹೆಚ್ಚಿ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ಟರ ಅನ್ನ-ಬ್ಯಾಳಿ ಜೋಡಿ ಸಾಕು. ಉಪ್ಪು ಮತ್ತ ಹಾಕಬ್ಯಾಡ್ರಿ.

ದೊಂಬಿವಿಲಿ ಬಾಣಲೆ

ಎಲ್ಲರಿಗೂ ಧನ್ಯವಾದ. ಎರಡೇ ಸಂದೇಹ. ಬಲಿತ ದಂಟನ್ನು ಕುಕ್ಕರಿನಲ್ಲಿ ಹಾಕಬಹುದೇ? ಅರ್ಧ ಗಿಡ ಉಳಿದರೆ ಇಡುವುದು ಹೇಗೆ? ಮತ್ತೆ ಚೈನೀಸ್ ಎಲೆಕೋಸಿನ ಬಿಳಿ ದಂಟಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆ ಇರುತ್ತದಲ್ಲ, ಅದು ಹುಳವೇ? ಎರಡು ಎಂದು ಮೂರಾಯಿತು.

ಕ್ರಾಫರ್ಡ್ ಗಲ್ಲಿ

ಚುಕ್ಕೆ ಹುಳವೂ ಅಲ್ಲ, ಬೂಸ್ಟೂ ಅಲ್ಲ, ಗಿಡದೊಳಗಿನ ಏರುಪೇರಿನಿಂದ ಬರುವಂಥದ್ದು. ತೊಳೆದರೆ ಹೋಗುವುದಿಲ್ಲ, ತಿಂದರೆ ಏನೂ ಆಗುವುದಿಲ್ಲ. ಮೆತ್ತಗಾಗಿ ಕಂದು ನೀರು ಒಸರಿ ವಾಸನೆ ಬರುತ್ತಿದ್ದರೆ ಅದು ಕೊಳೆತ, ಆ ಎಲೆಯನ್ನೂ ಅದರ ಒಳಗಿನ ಇನ್ನೊಂದನ್ನೂ ತೆಗೆದುಹಾಕಿ.

ಅರ್ಧ ಗಿಡ ಇಡುವಾಗ ತೊಳೆಯಬೇಡಿ. ಗಿಡವನ್ನು ಅಡ್ಡಕ್ಕೆ ಕೊಯ್ದು ಅರ್ಧ ಮಾಡುವುದರ ಬದಲು ಹೊರಗಿನ ಎಲೆಗಳನ್ನು ಬುಡದಿಂದ ಮುರಿದು ಬಳಸುತ್ತಾ ಹೋಗಿ. ನಡುಭಾಗ ಬುಡದ ಸಮೇತ ಉಳಿದರೆ ಬಾಡುವುದು ನಿಧಾನ. ತೆಳ್ಳನೆ ಹತ್ತಿ ಬಟ್ಟೆ ಸುತ್ತಿ ಚೀಲದಲ್ಲಿಟ್ಟು ಬಾಯಿ ಸ್ವಲ್ಪ ತೆರೆದು ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ. ಬಾಳೆಹಣ್ಣು, ಸೇಬು, ಟೊಮೆಟೊ ಪಕ್ಕದಲ್ಲಿ ಬೇಡ, ಅವುಗಳಿಂದ ಹೊರಡುವ ಎಥಿಲೀನ್‌ಗೆ ಎಲೆ ಬೇಗ ಹಳದಿಯಾಗುತ್ತದೆ.

ಹರಿವೆದಂಟು, ಮಾಟುಂಗಾ

ಕುಕ್ಕರ್ ವಿಷಯ: ಬಾಕ್ ಚಾಯ್, ಚೈನೀಸ್ ಎಲೆಕೋಸು, ಸಾಸಿವೆ ಯಾವುದಕ್ಕೂ ಬೇಡ, ಒಂದು ಸೀಟಿಗೇ ಹಿಚುಕಿದ ಹಾಗಾಗುತ್ತದೆ. ಬಲಿತ ಹರಿವೆ ದಂಟಿಗೆ ನಾರು ತೆಗೆದು ಒಂದು ಸೀಟಿ, ಬೆರಳು ದಪ್ಪದ ಬಸಳೆ ದಂಟಿಗೆ ಎರಡು. ಮಡಗಾಂವ್‌ನವರು ಹೇಳಿದ್ದು ಸರಿ, ಕುಕ್ಕರಿಗೆ ಹಾಕುವಾಗ ಹುಣಸೆ ಹಾಕಬಾರದು. ಬಸಳೆಯ ಎಲೆಯನ್ನು ದಂಟಿನ ಜೊತೆ ಕುಕ್ಕರಿಗೆ ಹಾಕಬೇಡಿ. ಮುಚ್ಚಳ ತೆಗೆದ ಮೇಲೆ, ಮಸಾಲೆ ಕುದಿಯುವಾಗ ಸೇರಿಸಿ ಮೂರು ನಿಮಿಷ ಬಿಟ್ಟರೆ ಬೇಯುತ್ತದೆ.